ಕೊರೊ ಅಂಥ ಆಟಗಾರ ಹೇಗೆ ತಯಾರಾಗುತ್ತಾನೆ? ಫುಟ್‌ಬಾಲ್ ಆಡಳಿತಗಾರರಿಗೆ ಒಂದು ಬಹಿರಂಗ ಪತ್ರ

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮತ್ತು ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಪದಾಧಿಕಾರಿಗಳಿಗೆ,

ನಮಸ್ಕಾರ.

ಸ್ಪೇನ್‌ನ ಫಾರ್ವರ್ಡ್ (ಮುಂದಿನ ಸಾಲಿನ ಆಟಗಾರ) ಫೆರಾನ್ ಕೊರೊಮಿನಾಸ್ ನಿಮಗೆಲ್ಲ ಗೊತ್ತಿರುವ ಹೆಸರೇ. ನಮಗೆ ಅವರು ಬರೀ ಕೊರೊ. 2017ರಲ್ಲಿ ಎಫ್‌ಸಿ ಗೋವಾ ತಂಡಕ್ಕೆ ಬಂದಾಗ ಅವರಿಗೆ 34 ವರ್ಷ. ಇಲ್ಲಿ ಆಡಿದ್ದು ಮೂರು ಸೀಸನ್. ಇಂಡಿಯನ್ ಸೂಪರ್ ಲೀಗ್‌ನ 57 ಪಂದ್ಯಗಳಲ್ಲಿ 48 ಗೋಲು ಹೊಡೆದರು. ಮೊದಲ ಸೀಸನ್‌ನಲ್ಲಿ 18, ಎರಡನೆಯದರಲ್ಲಿ 16, ಮೂರನೆಯದರಲ್ಲಿ 14. ಸೀಸನ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಗೋಲ್ಡನ್ ಬೂಟ್ ಸತತ ಎರಡು ಸಲ ಅವರ ಪಾಲಾಯಿತು.

ನಾನು ಬೆಂಗಳೂರಿನವನು, ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಅಭಿಮಾನಿ. ಗೋವಾದ ಆಟಗಾರನ ಬಗ್ಗೆ ನಾನ್ಯಾಕೆ ಬರೆಯಬೇಕು ಅಂತ ನಿಮಗನ್ನಿಸಬಹುದು. ನಮ್ಮ ತಂಡಕ್ಕೆ ಅವರಷ್ಟು ಕಾಟ ಕೊಟ್ಟವರು ಕಡಿಮೆ. 2017ರ ನವೆಂಬರ್ 30ರಂದು ಗೋವಾದ ಫತೋರ್ಡಾ ಸ್ಟೇಡಿಯಂನಲ್ಲಿ ನಡೆದ ಪಂದ್ಯ ನೆನಪಿದೆಯಲ್ವಾ? ಗೋಲ್‌ಕೀಪರ್ ಗುರ್‌ಪ್ರೀತ್ ಕೆಂಪು ಕಾರ್ಡ್ ಪಡೆದು ಹೊರಹೋದ ಮೇಲೂ ನಮ್ಮವರು ಹತ್ತೇ ಜನ ಹೋರಾಡಿ 3-3 ಮಾಡಿದ್ದರು. ಅಷ್ಟರಲ್ಲೇ ಕೊರೊ ತಮ್ಮ ಮೂರನೇ ಗೋಲು ಹೊಡೆದರು. ಪಂದ್ಯ 4-3ಕ್ಕೆ ಕೈತಪ್ಪಿತು. ಮುಂದಿನ ವಾರ ಕೇರಳ ಬ್ಲಾಸ್ಟರ್ಸ್ ಮೇಲೆ ಮತ್ತೊಂದು ಹ್ಯಾಟ್ರಿಕ್, ಅದೂ ಕೆಲವೇ ನಿಮಿಷಗಳೊಳಗೆ. ಆವತ್ತಿನಿಂದ ಅವರ ಆಟವನ್ನು ನಾನು ಬಿಡದೆ ನೋಡಿದೆ. ಬರಬರುತ್ತಾ ನಮ್ಮ ಎದುರಾಳಿ ಅನ್ನೋದೇ ಮರೆತುಹೋಯಿತು.

ಆದರೆ ಈ ಪತ್ರ ಬರೆಯುತ್ತಿರುವುದು ಅವರ ಗೋಲುಗಳ ಲೆಕ್ಕ ಕೊಡಲಿಕ್ಕಲ್ಲ. ಇಂಥ ಆಟಗಾರರನ್ನು ನಾವು ವರ್ಷವರ್ಷ ದುಡ್ಡು ಕೊಟ್ಟು ತರುತ್ತೇವೆ. ಅವರು ತಯಾರಾಗುವುದು ಹೇಗೆ ಅಂತ ಮಾತ್ರ ಕೇಳುವುದೇ ಇಲ್ಲ. ಆ ಪ್ರಶ್ನೆಯನ್ನು ನಿಮ್ಮ ಮುಂದಿಡಬೇಕಾಗಿದೆ.

ಸ್ಪೇನ್‌ನಲ್ಲಿ ಕೊರೊ ದೊಡ್ಡ ಸ್ಟಾರ್ ಆಗಿರಲಿಲ್ಲ. ಊರು ವಿಲೊಬಿ ದೊನ್ಯಾರ್, ಕತಲೂನ್ಯಾದ ಜಿರೋನಾ ಸೀಮೆಯದು. ನಮ್ಮ ದೇವನಹಳ್ಳಿಯ ಹಾಗೆ, ಪಕ್ಕದ ನಗರದ ವಿಮಾನ ನಿಲ್ದಾಣ ಬಂದು ಕೂತ ಊರು. ಅಲ್ಲಿಂದ ಬಾರ್ಸಿಲೋನಾದ ಎಸ್ಪನ್ಯೋಲ್ ಕ್ಲಬ್ ಸೇರಿದರು. ಅದೇ ನಗರದ ಇನ್ನೊಂದು ಕ್ಲಬ್‌ನ ನೆರಳಲ್ಲೇ ಎಸ್ಪನ್ಯೋಲ್ ನೂರು ವರ್ಷ ಬದುಕಿದೆ. ಕೊರೊ ಮೊದಲು ಆಡಿದ್ದು ಕ್ಲಬ್‌ನ ಬಿ ತಂಡದಲ್ಲಿ, ಆಮೇಲೆ ಮುಖ್ಯ ತಂಡದಲ್ಲಿ. ಹೆಚ್ಚಾಗಿ ವಿಂಗ್‌ನಲ್ಲಿ, ಅಂದರೆ ಮೈದಾನದ ಅಂಚಿನಲ್ಲಿ, ಇಲ್ಲವೇ ಮುಖ್ಯ ಸ್ಟ್ರೈಕರ್‌ನ ಹಿಂದೆ. ಎಷ್ಟೋ ಸಲ ಬೆಂಚಿನಿಂದ ಎದ್ದು ಬರಬೇಕಿತ್ತು. ತಂಡದ ಗೋಲುಗಾರ ಅಂದರೆ ರೌಲ್ ತಮುಡೊ.

ಆದರೂ ಎಸ್ಪನ್ಯೋಲ್ ಅಭಿಮಾನಿಗಳಿಗೆ ಕೊರೊ ಅಂದರೆ ಪ್ರಾಣ. ಅದಕ್ಕೆ ಕಾರಣ 2006ರ ವಸಂತ. ಏಪ್ರಿಲ್ 12ರಂದು ಮ್ಯಾಡ್ರಿಡ್‌ನ ಬರ್ನಬೇವು ಮೈದಾನದಲ್ಲಿ ಸ್ಪೇನ್‌ನ ಕ್ಲಬ್‌ಗಳ ಕಪ್ ಟೂರ್ನಿ ಕೋಪಾ ಡೆಲ್ ರೇ ಫೈನಲ್. ಎಸ್ಪನ್ಯೋಲ್ ತಂಡ ರಿಯಲ್ ಸರಗೋಸಾವನ್ನು 4-1ರಿಂದ ಸೋಲಿಸಿತು. ನಾಲ್ಕರಲ್ಲಿ ಒಂದು ಗೋಲು ಕೊರೊ ಅವರದು. ಕಪ್ ಗೆದ್ದ ತಂಡ ಒಂದು ತಿಂಗಳಲ್ಲಿ ಕೆಳಗಿನ ಡಿವಿಷನ್‌ಗೆ ಬೀಳುವ ಅಂಚಿಗೆ ಬಂದು ನಿಂತಿತ್ತು ಅಂದರೆ ನಂಬುತ್ತೀರಾ? ಮೇ 13, ಲೀಗ್‌ನ ಕೊನೆಯ ಸುತ್ತು. ಮೊಂಜುಯಿಕ್ ಗುಡ್ಡದ ಒಲಿಂಪಿಕ್ ಸ್ಟೇಡಿಯಂನಲ್ಲಿ ರಿಯಲ್ ಸೊಸಿಯೆದಾದ್ ವಿರುದ್ಧ ಪಂದ್ಯ. 90 ನಿಮಿಷ ಮುಗಿದರೂ ಗೋಲಿಲ್ಲ. ಹಾಗೇ ಮುಗಿದರೆ ಎಸ್ಪನ್ಯೋಲ್ ಕೆಳಕ್ಕೆ. ಇಂಜುರಿ ಟೈಮ್‌ನಲ್ಲಿ ಗೋಲಿನ ಮುಂದಿನ ಬಾಕ್ಸ್ ಒಳಗೆ ಚೆಂಡು ಬಂತು, ಅಲ್ಲಿ ಕೊರೊ ಇದ್ದರು. 1-0. ಎಸ್ಪನ್ಯೋಲ್ ಉಳಿಯಿತು, ಬದಲಿಗೆ ಅಲಾವೆಸ್ ಕ್ಲಬ್ ಬಿತ್ತು. ಒಂದೇ ಒಂದು ಗೋಲು ಒಂದು ಕ್ಲಬ್‌ನ ಬಜೆಟ್, ಸಂಬಳ, ಅಕಾಡೆಮಿ ಎಲ್ಲವನ್ನೂ ಉಳಿಸಿತು. ಕೆಳಗೆ ಬೀಳುವುದು ಅಂದರೆ ಏನು ಅಂತ ನಮ್ಮ ಸೂಪರ್ ಲೀಗ್‌ನ ಆಟಗಾರರಿಗೆ ಗೊತ್ತೇ ಆಗಿರಲಿಲ್ಲ. ಶುರುವಾದಾಗಿನಿಂದ 2024-25ರವರೆಗೆ ಒಂದೇ ಒಂದು ತಂಡ ಆ ಭಯದಲ್ಲಿ ಆಡಿರಲಿಲ್ಲ.

ಮುಂದಿನ ವರ್ಷ ಎಸ್ಪನ್ಯೋಲ್ ಯುರೋಪಿನ ಕ್ಲಬ್‌ಗಳ ಯುಇಎಫ್‌ಎ ಕಪ್ ಫೈನಲ್ ತಲುಪಿತು. ಸೆಮಿಫೈನಲ್‌ನಲ್ಲಿ ವೆರ್ಡರ್ ಬ್ರೆಮೆನ್ ವಿರುದ್ಧ ಕೊರೊ ಗೋಲು ಹೊಡೆದರು. 2007ರ ಮೇನಲ್ಲಿ ಗ್ಲ್ಯಾಸ್ಗೋದಲ್ಲಿ ಸೆವಿಯ್ಯಾ ಜೊತೆ 2-2 ಆಗಿ, ಪೆನಾಲ್ಟಿಯಲ್ಲಿ ಕಪ್ ಹೋಯಿತು. ಆ ಟೂರ್ನಿಯಲ್ಲಿ ಎಸ್ಪನ್ಯೋಲ್ ಆಟದಲ್ಲಿ ಒಂದೂ ಪಂದ್ಯ ಸೋತಿರಲಿಲ್ಲ. 2010ರ ವಿಶ್ವಕಪ್ ಫೈನಲ್‌ನಲ್ಲಿ ಸ್ಪೇನ್‌ನ ಇನಿಯೆಸ್ತಾ ಗೋಲು ಹೊಡೆದು ಜೆರ್ಸಿ ಬಿಚ್ಚಿದಾಗ ಒಳ ಬನಿಯನ್ ಮೇಲೆ ಒಂದು ಹೆಸರಿತ್ತು, ನೆನಪಿದೆಯಾ? ದಾನಿ ಹಾರ್ಕೆ. ಎಸ್ಪನ್ಯೋಲ್ ನಾಯಕರಾಗಿ ನೇಮಕವಾದ ಹೊಸತರಲ್ಲೇ, 2009ರ ಆಗಸ್ಟ್‌ನಲ್ಲಿ, 26ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡರು. ಕೊರೊ ಮತ್ತು ಹಾರ್ಕೆ ಒಂದೇ ತಿಂಗಳಲ್ಲಿ ಹುಟ್ಟಿದವರು, ಒಂದೇ ತಂಡದಲ್ಲಿ ಆಡಿದವರು. ನಮ್ಮ ಲೀಗ್‌ಗೆ ಕೊರೊ ಬಂದಾಗ ಇಷ್ಟೆಲ್ಲ ಅವರ ಹಿಂದಿತ್ತು. ಟಿವಿಯಲ್ಲಿ ಒಂದು ಸಾಲಿನ ಪರಿಚಯ ಕೊಟ್ಟು ಮುಗಿಸಿದೆವು.

ಎಸ್ಪನ್ಯೋಲ್ ಬಿಟ್ಟ ಮೇಲೆ ಶುರುವಾಯಿತು ಅಲೆದಾಟ. ಒಸಾಸುನಾ, ಜಿರೋನಾ, ಎಲ್ಚೆ, ಮಯೋರ್ಕಾ. ಎಲ್ಚೆ 2014-15ರಲ್ಲಿ ಸ್ಪೇನ್‌ನ ಮೊದಲ ಡಿವಿಷನ್ ಲಾ ಲಿಗಾದಲ್ಲಿ 13ನೇ ಸ್ಥಾನ ಗಳಿಸಿಯೂ ಸಾಲದ ಕಾರಣಕ್ಕೆ ಕೆಳಗಿನ ಡಿವಿಷನ್‌ಗೆ ಇಳಿಯಬೇಕಾಯಿತು. ಮೈದಾನದಲ್ಲಿ ಉಳಿದುಕೊಂಡವರು ಲೆಕ್ಕದ ಪುಸ್ತಕದಲ್ಲಿ ಬಿದ್ದರು. ಆಮೇಲೆ ಸೈಪ್ರಸ್‌ನ ದೋಕ್ಸಾ ಕ್ಲಬ್. ಅಲ್ಲಿಂದ ಗೋವಾ. ಒಬ್ಬ ಸಾಧಾರಣ ಸ್ಪೇನ್ ಫಾರ್ವರ್ಡ್‌ನ ಜೀವನ ಹೀಗೇ ಇರುತ್ತೆ. ಎರಡು ವರ್ಷಕ್ಕೊಂದು ಊರು, ಹೊಸ ಕೋಚ್, ಹೊಸ ಬಾಡಿಗೆ ಮನೆ. ಒಂದು ಕಡೆ ವಿಂಗ್‌ನಲ್ಲಿ ಆಡಿಸುತ್ತಾರೆ, ಇನ್ನೊಂದು ಕಡೆ ನಡುವಲ್ಲಿ. ಒಂದು ಕಡೆ ತಂಡ ಚೆಂಡು ಇಟ್ಟುಕೊಂಡು ಆಡುತ್ತೆ, ಇನ್ನೊಂದು ಕಡೆ 90 ನಿಮಿಷ ಓಡೋದೇ ಕೆಲಸ. ಪ್ರತಿ ಜಾಗದಲ್ಲೂ ಏನೋ ಒಂದು ಕಲಿಯಲೇಬೇಕು, ಇಲ್ಲಾಂದ್ರೆ ಮುಂದಿನ ವರ್ಷ ಕರಾರು ಸಿಗಲ್ಲ.

ಹೀಗೆ ಕಲಿತದ್ದು ಏನು ಅನ್ನೋದು ಫತೋರ್ಡಾದಲ್ಲಿ ಕಾಣಿಸಿತು. ಕೋಚ್ ಸರ್ಜಿಯೊ ಲೊಬೆರಾ ಕೊರೊ ಅವರನ್ನು ನಡುವಲ್ಲಿ, ಮುಖ್ಯ ಸ್ಟ್ರೈಕರ್ ಆಗಿ ನಿಲ್ಲಿಸಿದರು. ನಾನು ಎಷ್ಟೋ ಪಂದ್ಯಗಳಲ್ಲಿ ಚೆಂಡು ಬಿಟ್ಟು ಅವರನ್ನೇ ನೋಡಿದ್ದೇನೆ. ಕೊರೊ ನಿಲ್ಲುತ್ತಿದ್ದುದು ಡಿಫೆಂಡರ್‌ನ ಬೆನ್ನ ಹಿಂದೆ, ಅವನ ಕಣ್ಣಿಗೆ ಬೀಳದ ಕಡೆ. ಚೆಂಡು ಎಡಗಡೆ ಗೋವಾದ ಇನ್ನೊಬ್ಬ ಆಟಗಾರ ಮಂದಾರ್ ಕಾಲಿಗೆ ಹೋದಾಗ ಬೇರೆ ಸ್ಟ್ರೈಕರ್ ಆಗಿದ್ದರೆ ಗೋಲಿನ ಕಡೆ ಓಡುತ್ತಿದ್ದ. ಕೊರೊ ಎರಡು ಹೆಜ್ಜೆ ಹಿಂದಕ್ಕೆ ಬರುತ್ತಿದ್ದರು. ಡಿಫೆಂಡರ್‌ಗೆ ಈಗ ಕಷ್ಟ. ಚೆಂಡು ನೋಡಿದರೆ ಕೊರೊ ಕಾಣಲ್ಲ, ಕೊರೊ ನೋಡಿದರೆ ಚೆಂಡು ಕಾಣಲ್ಲ. ಅವನು ಚೆಂಡಿನ ಕಡೆ ಕತ್ತು ತಿರುಗಿಸಿದ ಕೂಡಲೇ ಕೊರೊ ಗೋಲಿನ ಹತ್ತಿರದ ಕಂಬದ ಕಡೆ ನುಗ್ಗುತ್ತಿದ್ದರು. ಆಮೇಲೆ ಒಂದೇ ಟಚ್. ಪಾದದ ಒಳಬದಿಯಿಂದ ತಳ್ಳಿದ ಹಾಗೆ, ಜೋರಿಲ್ಲ, ಗಾಬರಿಯಿಲ್ಲ.

ಅವರಿಗೆ ಆ ವಯಸ್ಸಿನಲ್ಲಿ ನಮ್ಮ ಹುಡುಗರಷ್ಟು ವೇಗ ಇರಲಿಲ್ಲ. ಎತ್ತರವೂ ಇಲ್ಲ, ಭಾರಿ ಮೈಕಟ್ಟೂ ಇಲ್ಲ. 'ವಿದೇಶಿಯರಿಗೆ ಮೈಬಲ ಜಾಸ್ತಿ, ಅದಕ್ಕೇ ಗೋಲು ಹೊಡೀತಾರೆ' ಅಂತ ನಮ್ಮಲ್ಲಿ ಎಲ್ಲರೂ ಹೇಳುವ ಮಾತು ಕೊರೊ ವಿಷಯದಲ್ಲಿ ಸುಳ್ಳು. ಅವರಲ್ಲಿದ್ದದ್ದು ಕಲಿತ ವಿದ್ಯೆ. ಯಾವಾಗ ನಿಲ್ಲಬೇಕು, ಯಾವಾಗ ಓಡಬೇಕು, ಎಲ್ಲಿ ಜಾಗ ಆಗುತ್ತೆ ಅನ್ನೋ ವಿದ್ಯೆ. ಕಲಿತದ್ದನ್ನು ಕಲಿಸಬಹುದು. ನನ್ನ ಪತ್ರದ ಜೀವ ಇರೋದು ಇಲ್ಲೇ.

ಈಗ ನಮ್ಮ ಕಡೆ ನೋಡೋಣ. ಸೂಪರ್ ಲೀಗ್ ಶುರುವಾದ 2014ರಿಂದ 2024-25ರವರೆಗೆ 11 ಸೀಸನ್ ನಡೆದಿವೆ. ಗೋಲ್ಡನ್ ಬೂಟ್ ಒಮ್ಮೆಯೂ ಭಾರತೀಯನಿಗೆ ಸಿಕ್ಕಿಲ್ಲ. ಕೊರೊ ಹೋದ ಮೇಲೆ ಗೋವಾ ತಂದದ್ದು ಇನ್ನೊಬ್ಬ ಸ್ಪೇನ್ ಸ್ಟ್ರೈಕರ್ ಇಗೋರ್ ಅಂಗುಲೊ ಅವರನ್ನು. ಅವರೂ 14 ಗೋಲು ಹೊಡೆದು ಗೋಲ್ಡನ್ ಬೂಟ್ ಒಯ್ದರು. ಅದೇ ಗೋವಾದಲ್ಲಿ ಕೊರೊ ಹಿಂದೆ ಬೆಂಚಿನಲ್ಲಿ ಕಾಯುತ್ತಿದ್ದ ಹುಡುಗ ಮನ್‌ವೀರ್ ಸಿಂಗ್. ಎತ್ತರ, ಬಲ, ಓಟ ಎಲ್ಲ ಇದ್ದ ಸ್ಟ್ರೈಕರ್. ಕೋಲ್ಕತ್ತಾಗೆ ಹೋದ ಮೇಲೆ ಬಲಗಡೆ ವಿಂಗ್‌ಗೆ ಹೋದರು, ಅಲ್ಲಿ ಚೆನ್ನಾಗಿಯೂ ಆಡಿದರು. ಕ್ಲಬ್‌ಗೆ ಅದು ಸರಿಯಾದ ನಿರ್ಧಾರವೇ ಇರಬಹುದು. ಆದರೆ ದೇಶಕ್ಕೆ ಒಬ್ಬ ಸ್ಟ್ರೈಕರ್ ಕಡಿಮೆಯಾದ. ಎಲ್ಲ ಕ್ಲಬ್‌ಗಳೂ ಇದನ್ನೇ ಮಾಡಿದರೆ ಏನಾಗುತ್ತೆ? ನಡುವಿನ ಜಾಗ ವಿದೇಶಿಗೆ, ಅಂಚಿನ ಜಾಗ ನಮ್ಮವನಿಗೆ. ಹನ್ನೊಂದು ವರ್ಷ ಆಗಿದ್ದು ಅದೇ.

ಫಲಿತಾಂಶ ನಿಮ್ಮ ಕಣ್ಣ ಮುಂದೇ ಇದೆ. 2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯನ್ ಕಪ್‌ನಲ್ಲಿ ಭಾರತ ಮೂರು ಪಂದ್ಯ ಆಡಿತು, ಮೂರೂ ಸೋತಿತು, ಒಂದೂ ಗೋಲು ಹೊಡೆಯಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ನಿವೃತ್ತಿಯಾಗಿದ್ದ ಸುನಿಲ್ ಛೆಟ್ರಿ ಅವರನ್ನು 2025ರ ಮಾರ್ಚ್‌ನಲ್ಲಿ ವಾಪಸ್ ಕರೆಸಬೇಕಾಯಿತು. 40 ದಾಟಿದ ಮನುಷ್ಯ ಬಂದು ಮಾಲ್ದೀವ್ಸ್ ಮೇಲೆ ಗೋಲೂ ಹೊಡೆದರು. ಛೆಟ್ರಿ ಬಗ್ಗೆ ನಮಗೆ ಹೆಮ್ಮೆ. ಆದರೆ ಅವರ ನಂತರ ಯಾರು ಅನ್ನೋದಕ್ಕೆ ಉತ್ತರ ಸಿದ್ಧವಿರಲಿಲ್ಲ ಅನ್ನೋದು ನಿಮ್ಮ ಹೊಣೆ, ಅವರದಲ್ಲ. 2025ರ ಅಕ್ಟೋಬರ್ 14ರಂದು ಸಿಂಗಪುರ ವಿರುದ್ಧ 1-2ರಿಂದ ಸೋತು 2027ರ ಏಷ್ಯನ್ ಕಪ್ ಬಾಗಿಲೂ ಮುಚ್ಚಿತು. ಎಲ್ಲಿ? ಫತೋರ್ಡಾದಲ್ಲಿ. ಕೊರೊ ಹ್ಯಾಟ್ರಿಕ್ ಮೇಲೆ ಹ್ಯಾಟ್ರಿಕ್ ಹೊಡೆದ ಅದೇ ಹುಲ್ಲಿನ ಮೇಲೆ.

ಇದಕ್ಕೆ ವಿದೇಶಿಯರನ್ನು ಓಡಿಸಿ ಅನ್ನೋದು ನನ್ನ ಬೇಡಿಕೆಯಲ್ಲ. ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. 2014ರಲ್ಲಿ ಮೈದಾನದಲ್ಲಿ ಆರು ವಿದೇಶಿಯರಿಗೆ ಅವಕಾಶ ಇತ್ತು. 2017ರಲ್ಲಿ ಐದಾಯಿತು, 2021ರಲ್ಲಿ ನಾಲ್ಕಾಯಿತು. ಸಂಖ್ಯೆ ಇಳಿದರೂ ಸ್ಟ್ರೈಕರ್ ಜಾಗ ಬಿಟ್ಟುಕೊಟ್ಟವರು ಬೆರಳೆಣಿಕೆಯಷ್ಟು ಕ್ಲಬ್‌ಗಳು. ಕೋಚ್‌ಗೆ ಮೂರು ಪಂದ್ಯ ಸೋತರೆ ಕೆಲಸ ಹೋಗುತ್ತೆ. ಅವರು ಇನ್ನೇನು ಮಾಡಿಯಾರು? ಕೋಟಾ ಒಂದರಿಂದಲೇ ಸ್ಟ್ರೈಕರ್ ಹುಟ್ಟಲ್ಲ.

ಸ್ಪೇನ್‌ನಲ್ಲಿ ಕೊರೊ ಅಂಥವರು ಹುಟ್ಟೋದು ಪಂದ್ಯಗಳಿಂದ. ಅಲ್ಲಿ ಎರಡನೇ ಡಿವಿಷನ್‌ನಲ್ಲಿ 22 ತಂಡ, ಪ್ರತಿ ತಂಡಕ್ಕೆ ವರ್ಷಕ್ಕೆ 42 ಲೀಗ್ ಪಂದ್ಯ. ಕೊರೊ ಬಿ ತಂಡದಲ್ಲಿದ್ದ ಕಾಲಕ್ಕೆ ಮೂರನೇ ಹಂತದಲ್ಲಿ 80 ತಂಡಗಳಿದ್ದವು, ನಾಲ್ಕು ಗುಂಪಾಗಿ, ಒಂದೊಂದಕ್ಕೂ 38 ಪಂದ್ಯ. ಅದರ ಕೆಳಗೆ ಇನ್ನೂ ಹಂತಗಳು. 19 ವರ್ಷದ ಹುಡುಗ ಮೂರನೇ ಹಂತದಲ್ಲೇ ಆಡಿದರೂ, ಸಂಬಳಕ್ಕಾಗಿ ಆಡುವ ದೊಡ್ಡವರ ಎದುರು ವರ್ಷಕ್ಕೆ ಮೂವತ್ತಕ್ಕೂ ಹೆಚ್ಚು ಸಲ ಬಾಕ್ಸ್ ಒಳಗೆ ನಿಲ್ಲುತ್ತಾನೆ. ತಪ್ಪು ಮಾಡುತ್ತಾನೆ, ಮುಂದಿನ ಭಾನುವಾರ ತಿದ್ದಿಕೊಳ್ಳುತ್ತಾನೆ. ಕೊರೊ ಇಲ್ಲಿಗೆ ಬಂದ ವರ್ಷ ನಮ್ಮ ಲೀಗ್‌ನಲ್ಲಿ 10 ತಂಡ, ಪ್ಲೇಆಫ್ ಬಿಟ್ಟರೆ ಒಂದೊಂದಕ್ಕೆ 18 ಪಂದ್ಯ. ಬೆಂಚಿನಲ್ಲಿ ಕೂತ ಹುಡುಗನಿಗೆ ಅದರಲ್ಲಿ ಸಿಗೋದು ಕೊನೆಯ ಹತ್ತು ನಿಮಿಷ. ಹತ್ತು ನಿಮಿಷದಲ್ಲಿ ಯಾರು ಏನು ಕಲಿತಾರು? ಲೀಗ್ ನಡೆಸುವ ಕರಾರಿನ ಗೊಂದಲದಲ್ಲಿ 2025-26ರ ಸೀಸನ್ ಅಂತೂ ಹೊತ್ತಿಗೆ ಸರಿಯಾಗಿ ಶುರುವಾಗಲೇ ಇಲ್ಲ. ಆಟಗಾರರು ತಿಂಗಳುಗಟ್ಟಲೆ ಸುಮ್ನೆ ಕಾದರು.

ರಾಜ್ಯ ಸಂಸ್ಥೆಯವರಿಗೆ ನಾನು ಹೇಳಬೇಕಾದ್ದು ಜಾಸ್ತಿ ಇದೆ, ಯಾಕಂದ್ರೆ ನೀವು ನಮಗೆ ಹತ್ತಿರದವರು. ಬೆಂಗಳೂರಿಗೆ ಫುಟ್‌ಬಾಲ್ ಹೊಸದಲ್ಲ. ಎಚ್‌ಎಎಲ್, ಐಟಿಐ ಕಾರ್ಖಾನೆಗಳ ತಂಡ, ಸೇನೆಯ ಎಂಇಜಿ ತಂಡದ ಹೆಸರು ಹೇಳಿದರೆ ಹಳಬರ ಮುಖ ಈಗಲೂ ಅರಳುತ್ತೆ. ಹಲಸೂರಿನ ಗೌತಮಪುರದಲ್ಲಿ ಪೆಲೆ ಪ್ರತಿಮೆ ನಿಲ್ಲಿಸಿದ್ದಾರೆ. ಅಲ್ಲಿನ ಓಣಿಗಳಲ್ಲಿ ಹುಡುಗರು ಚೆಂಡು ಬಿಟ್ಟು ಬೇರೆ ಮಾತಾಡಲ್ಲ. ಕಾರ್ಖಾನೆ ತಂಡಗಳಲ್ಲಿ ಆಟಗಾರನಿಗೆ ಕೆಲಸವೂ ಇತ್ತು, ವರ್ಷಪೂರ್ತಿ ಆಟವೂ ಇತ್ತು. ಆ ವ್ಯವಸ್ಥೆ ಕುಸಿದಾಗ ಅದರ ಜಾಗಕ್ಕೆ ಬೇರೆಯದನ್ನು ನಾವು ಕಟ್ಟಲಿಲ್ಲ.

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷಗಳ ನಂತರ. ಹಿಂದೆ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಆವತ್ತು ಕುಣಿದವರಲ್ಲಿ ನಾನೂ ಒಬ್ಬ. ಆ ತಂಡದ ಫಾರ್ವರ್ಡ್‌ಗಳು ಆ ಗೆಲುವಿನ ನಂತರದ 12 ತಿಂಗಳಲ್ಲಿ ಎಷ್ಟು ಪಂದ್ಯ ಪೂರ್ತಿ 90 ನಿಮಿಷ ಆಡಿದರು, ಎಷ್ಟು ತಿಂಗಳು ಸಂಬಳ ಪಡೆದರು ಅನ್ನೋ ಲೆಕ್ಕವನ್ನು ನೀವು ಪ್ರಕಟಿಸಬೇಕು ಅಂತ ನನ್ನ ಮನವಿ. ಸನ್ಮಾನದ ಶಾಲು ಹಾರಕ್ಕಿಂತ ಆ ಲೆಕ್ಕ ಮುಖ್ಯ. ಅದು ಕೈಗೆ ಸಿಕ್ಕರೆ ನಮ್ಮ ಹುಡುಗರು ಎಲ್ಲಿ ನಿಲ್ಲುತ್ತಾರೆ ಅಂತ ಎಲ್ಲರಿಗೂ ತಿಳಿಯುತ್ತೆ.

ನಮ್ಮವರಿಂದ ಆಗಲ್ಲ ಅನ್ನೋರಿಗೆ ನಮ್ಮ ಊರಿನದೇ ಉದಾಹರಣೆ ಇದೆ. ಬಿಎಫ್‌ಸಿ ಹುಟ್ಟಿದ ಮೊದಲ ಸೀಸನ್‌ನಲ್ಲೇ, 2013-14ರಲ್ಲಿ, ಆಗ ದೇಶದ ಮುಖ್ಯ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. ಮುಂದಿನ ಸಾಲಿನಲ್ಲಿ ಛೆಟ್ರಿ ಇದ್ದರು, ರಾಬಿನ್ ಸಿಂಗ್ ಇದ್ದರು. ವಿದೇಶಿ ಸ್ಟ್ರೈಕರ್ ಕೂಡ ಇದ್ದರು, ಆದರೆ ನಮ್ಮವರನ್ನು ಪಕ್ಕಕ್ಕೆ ತಳ್ಳಿರಲಿಲ್ಲ. ತಂಡದ ಗೋಲು ಪಟ್ಟಿಯಲ್ಲಿ ಎಲ್ಲರಿಗಿಂತ ಮುಂದಿದ್ದದ್ದು ಛೆಟ್ರಿಯೇ.

ಕೊರೊ ನಂತರ ಬಂದ ವಿದೇಶಿಯರ ವಿಷಯದಲ್ಲೂ, ಅವರು ತಯಾರಾದದ್ದು ಹೇಗೆ ಅಂತ ನಾವು ಕೇಳಲೇ ಇಲ್ಲ. 2024-25ರಲ್ಲಿ ನಮ್ಮ ಬಿಎಫ್‌ಸಿಗೆ ಎಡ್ಗರ್ ಮೆಂಡೆಜ್ ಬಂದರು. ಇವರೂ ಊರೂರು ಅಲೆದ ಸ್ಪೇನ್ ಫಾರ್ವರ್ಡ್. 2006ರಲ್ಲಿ ಕೊರೊ ಗೋಲಿನಿಂದ ಕೆಳಗೆ ಬಿದ್ದ ಅಲಾವೆಸ್ ಇದೆಯಲ್ಲ, ಆಮೇಲೆ ಮೂರನೇ ಹಂತದವರೆಗೂ ಇಳಿದು ಮತ್ತೆ ಮೇಲೆ ಬಂತು. 2017ರ ಫೆಬ್ರುವರಿಯಲ್ಲಿ ಕೋಪಾ ಡೆಲ್ ರೇ ಸೆಮಿಫೈನಲ್‌ನಲ್ಲಿ ಸೆಲ್ಟಾ ವಿರುದ್ಧ 82ನೇ ನಿಮಿಷದಲ್ಲಿ ಗೋಲು ಹೊಡೆದು, ಆ ಕ್ಲಬ್ಬನ್ನು ಅದರ ಚರಿತ್ರೆಯಲ್ಲೇ ಮೊದಲ ಸಲ ಆ ಕಪ್‌ನ ಫೈನಲ್‌ಗೆ ಕರೆದೊಯ್ದವರು ಇದೇ ಎಡ್ಗರ್. ಕಂಠೀರವದಲ್ಲಿ ಅವರು ಆಡುವಾಗ ಗ್ಯಾಲರಿಯಲ್ಲಿ ಕೂತ ಎಷ್ಟು ಅಕಾಡೆಮಿ ಹುಡುಗರಿಗೆ ಈ ಕತೆ ಗೊತ್ತಿತ್ತು? ನಗರದ ಬೇರೆ ಕ್ಲಬ್‌ಗಳ ಹುಡುಗರಿಗೆ ಅವರೊಡನೆ ಒಂದು ಬೆಳಗ್ಗೆ ಕಳೆಯುವ ಅವಕಾಶ ಸಿಕ್ಕಿತ್ತಾ?

ಆದ್ದರಿಂದ ಫೆಡರೇಷನ್‌ಗೆ ನನ್ನ ಮನವಿ ಸರಳವಾಗಿದೆ. ಇನ್ನು ಮುಂದೆ ವಿದೇಶಿ ಫಾರ್ವರ್ಡ್ ಜೊತೆ ಕ್ಲಬ್ ಮಾಡಿಕೊಳ್ಳುವ ಕರಾರಿನಲ್ಲಿ ಕಲಿಸುವ ಗಂಟೆಗಳೂ ಸೇರಲಿ. ವಾರಕ್ಕೆ ಒಂದು ದಿನ, ತನ್ನ ಕ್ಲಬ್‌ನ ಹುಡುಗರಿಗೆ ಮಾತ್ರವಲ್ಲ, ಆ ರಾಜ್ಯದ ಲೀಗ್ ಆಡುವ ಸ್ಟ್ರೈಕರ್‌ಗಳಿಗೆ. ಕ್ಲಬ್ ಲೈಸೆನ್ಸ್ ನಿಯಮಗಳನ್ನು ಬರೆಯುವವರು ನೀವೇ, ಇದನ್ನೂ ಸೇರಿಸಲು ಮುಂದಾಗಿ. 33, 34ನೇ ವಯಸ್ಸಿಗೆ ಬರುವ ಆಟಗಾರರಲ್ಲಿ ಎಷ್ಟೋ ಜನ ಮುಂದೆ ಕೋಚ್ ಆಗಬೇಕು ಅಂತಲೇ ಯೋಚಿಸುತ್ತಿರುತ್ತಾರೆ. ಕೇಳಿದರೆ ಒಪ್ಪುತ್ತಾರೆ ಅನ್ನೋದು ನನ್ನ ನಂಬಿಕೆ. ಕಲಿಸಿದ್ದನ್ನು ವಿಡಿಯೊ ಮಾಡಿ, ಕನ್ನಡ, ಮಲಯಾಳಂ, ಬಂಗಾಳಿ, ಮಣಿಪುರಿ ವಿವರಣೆ ಸೇರಿಸಿ ಕೋಚ್‌ಗಳಿಗೆ ಕಳಿಸಿ. ಕೊರೊ ಮೂರು ವರ್ಷ ಇಲ್ಲಿದ್ದರು. ಆ ಎರಡು ಹೆಜ್ಜೆ ಹಿಂದಕ್ಕೆ ಬರುವ ವಿದ್ಯೆಯನ್ನು ಅವರ ಬಾಯಿಂದಲೇ ಕೇಳಿ ಎಲ್ಲ ರಾಜ್ಯದ ಕೋಚ್‌ಗಳಿಗೂ ತಲುಪಿಸಬಹುದಿತ್ತು.

ರಾಜ್ಯ ಸಂಸ್ಥೆಯವರು ಬೆಂಗಳೂರು ಸೂಪರ್ ಡಿವಿಷನ್ ಮತ್ತು ಅದರ ಕೆಳಗಿನ ಡಿವಿಷನ್‌ಗಳ ವೇಳಾಪಟ್ಟಿಯನ್ನು ವರ್ಷದ ಆರಂಭದಲ್ಲೇ ಪ್ರಕಟಿಸಲಿ. ಪ್ರತಿ ತಂಡಕ್ಕೆ ಕನಿಷ್ಠ 30 ಪಂದ್ಯ ಸಿಗುವ ಹಾಗೆ ಮಾಡಲಿ. ಬೆಳಗಾವಿ, ಮಂಗಳೂರು, ಕೊಡಗಿನಲ್ಲೂ ಫುಟ್‌ಬಾಲ್ ಆಡುವ ಹುಡುಗರಿದ್ದಾರೆ, ಅವರ ತಂಡಗಳಿಗೂ ಇದರಲ್ಲಿ ಬಾಗಿಲು ತೆರೆಯಲಿ. ಮೈದಾನ ಇಲ್ಲ ಅನ್ನೋ ಉತ್ತರ ನೀವು ಕೊಡಬಹುದು. ಕಾಲೇಜು, ಸೇನೆ, ಕಾರ್ಖಾನೆಗಳ ಎಷ್ಟು ಮೈದಾನಗಳನ್ನು ಕೇಳಿ ನೋಡಿದ್ದೀರಿ, ಯಾರು ಕೊಟ್ಟರು, ಯಾರು ಕೊಡಲಿಲ್ಲ ಅನ್ನೋದನ್ನೂ ಆ ಉತ್ತರದ ಜೊತೆಗೇ ಹೇಳಿ. ನಾವು ಅಭಿಮಾನಿಗಳು ಆ ಬಾಗಿಲುಗಳನ್ನು ತಟ್ಟಲು ನಿಮ್ಮ ಜೊತೆ ಬರಲು ಸಿದ್ಧ.

ನಿಮ್ಮ ಉತ್ತರವನ್ನೂ ಹೀಗೆ ಬಹಿರಂಗವಾಗಿಯೇ ಕೊಡಿ.

ಇಂತಿ,
ಬೆಂಗಳೂರಿನ ಒಬ್ಬ ಫುಟ್‌ಬಾಲ್ ಅಭಿಮಾನಿ